ಕತ್ತರಿ ಹಿಡಿದವರು ನರ್ತಕಿಯರೇ: ಟುಟು ಲಂಗದ ಚರಿತ್ರೆ

ಬ್ಯಾಲೆ ನರ್ತಕಿಯ ಸೊಂಟದ ಸುತ್ತ ಗಾಳಿಯಲ್ಲಿ ಹರಡಿಕೊಂಡು ನಿಲ್ಲುವ ಟುಟು ಲಂಗವನ್ನು ಕಂಡವರು ಸಾಮಾನ್ಯವಾಗಿ ಅದರ ಅಂದವನ್ನೇ ಹೊಗಳುತ್ತಾರೆ. ಅಂದವಿರುವುದು ನಿಜವೇ. ಆದರೆ ಹೊಲಿಗೆಯ ಹುಚ್ಚಿರುವ ನನಗೆ ಈ ಉಡುಪಿನ ಮೇಲೆ ಮನಸ್ಸು ನಿಂತದ್ದು ಅದರ ಒಳಭಾಗವನ್ನು ಗಮನಿಸಿದ ಮೇಲೆ. ತಲೆಕೆಳಗಾಗಿ ಹಿಡಿದ ಟುಟುವಿನಲ್ಲಿ ಕಾಣಸಿಗುವುದು ಒತ್ತೊತ್ತಾದ ನೆಟ್ ಬಟ್ಟೆಯ ಪದರಗಳು, ಅವುಗಳನ್ನು ಒಂದಕ್ಕೊಂದು ಸಡಿಲವಾಗಿ ಹಿಡಿದಿಟ್ಟ ದಾರದ ಕುಣಿಕೆಗಳು, ಅಳತೆ ಹೆಚ್ಚುಕಡಿಮೆ ಮಾಡಿಕೊಳ್ಳಲು ಹಾಕಿದ ಹುಕ್ಕುಗಳ ಸಾಲು, ಅದನ್ನು ಹಿಂದೆ ತೊಟ್ಟವರ ಹೆಸರುಗಳನ್ನು ಬರೆದ ಪಟ್ಟಿ. ಇದು ದುಡಿಯುವವರ ಬಟ್ಟೆ. ಇದರ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಮನವರಿಕೆಯಾದ ಸಂಗತಿಯೆಂದರೆ, ಕಾಲುಗಳು ಏನು ಮಾಡಬೇಕಾಗಿತ್ತೋ ಅದಕ್ಕೆ ತಕ್ಕಂತೆ ಈ ಲಂಗದ ಉದ್ದ, ಅಗಲ, ಬಿಗುವು ಬದಲಾಗುತ್ತಾ ಬಂದಿವೆ. ಮತ್ತು ಆ ಬದಲಾವಣೆಗಾಗಿ ಮೊದಲು ಹಟ ಹಿಡಿದವರು ಅನೇಕ ಸಲ ಅದನ್ನು ತೊಟ್ಟು ಕುಣಿಯಬೇಕಾಗಿದ್ದ ಹೆಂಗಸರೇ.

ಹದಿನಾಲ್ಕನೆಯ ಲೂಯಿ ದೊರೆ ಪ್ಯಾರಿಸ್ಸಿನಲ್ಲಿ ನೃತ್ಯದ ರಾಜಾಶ್ರಿತ ಅಕಾಡೆಮಿಯನ್ನು ಸ್ಥಾಪಿಸಿದ್ದು 1661ರಲ್ಲಿ. ಅಲ್ಲಿನ ಒಪೆರಾ ರಂಗಮಂದಿರದ ಸಾರ್ವಜನಿಕ ರಂಗದ ಮೇಲೆ ವೃತ್ತಿಪರ ನರ್ತಕಿಯರು ಕಾಣಿಸಿಕೊಂಡದ್ದು ಅದಾದ ಇಪ್ಪತ್ತು ವರ್ಷಗಳ ಮೇಲೆ, 1681ರಲ್ಲಿ. ಅವರು ತೊಟ್ಟಿದ್ದು ಆಸ್ಥಾನದ ಉಡುಪಿನ ರಂಗರೂಪವನ್ನೇ: ನೆಲ ಮುಟ್ಟುವ ಭಾರವಾದ ಲಂಗ, ಬಿಗಿದ ಕುಪ್ಪಸ, ಹಿಮ್ಮಡಿಯುಳ್ಳ ಪಾದರಕ್ಷೆ. ಗಂಡಸರ ಕಾಲುಗಳು ಮೊಣಕಾಲಿನಿಂದ ಕೆಳಗೆ ಕಾಣುತ್ತಿದ್ದುದರಿಂದ ಜಿಗಿತ, ಪಾದಗಳ ಹೊಡೆತ, ಸುತ್ತು ಎಲ್ಲವೂ ಅವರ ಪಾಲಾಗಿದ್ದವು. ಕಾಣದ ಕಾಲಿಗೆ ಕಷ್ಟದ ಹೆಜ್ಜೆ ಕಲಿಸಿ ಏನು ಪ್ರಯೋಜನ? ಹೀಗಾಗಿ ನರ್ತಕಿಯರ ಕಲೆ ತೋಳು, ಭಂಗಿ, ನಡೆಗಳ ಮಿತಿಯೊಳಗೇ ಬೆಳೆಯಬೇಕಾಯಿತು.

ಈ ಮಿತಿಯನ್ನು ಮೊದಲು ಮೀರಿದವರಲ್ಲಿ ಮರೀ ಕಮಾರ್ಗೋ ಪ್ರಮುಖರು. ಬ್ರಸೆಲ್ಸ್‌ನಲ್ಲಿ ಹುಟ್ಟಿ 1726ರಲ್ಲಿ ಪ್ಯಾರಿಸ್ ಒಪೆರಾದ ರಂಗವೇರಿದ ಇವರು, ಗಂಡಸರಿಗೆ ಮೀಸಲಾಗಿದ್ದ ಚುರುಕಾದ ಪಾದಚಲನೆಯನ್ನು, ಅದರಲ್ಲೂ ಗಾಳಿಯಲ್ಲಿರುವಾಗ ಪಾದಗಳನ್ನು ಒಂದರ ಹಿಂದೊಂದು ಸರಸರನೆ ಅದಲುಬದಲು ಮಾಡುವ ಆಂತ್ರಶಾ ಎಂಬ ಜಿಗಿತವನ್ನು ಸಾಧಿಸಿಕೊಂಡರು. ಸಾಧಿಸಿದ್ದು ಜನರಿಗೆ ಕಾಣಬೇಡವೇ? ಅದಕ್ಕಾಗಿ ಲಂಗವನ್ನು ಹಿಮ್ಮಡಿ ಗಂಟಿನಿಂದ ಮೇಲಕ್ಕೆ ಎತ್ತಿ ಕತ್ತರಿಸಿಕೊಂಡರು. ಚಿತ್ರಕಾರ ನಿಕೊಲಾ ಲಾಂಕ್ರೆ ಬರೆದ ಅವರ ಚಿತ್ರಗಳನ್ನು ನೋಡಿದರೆ ಈ ಸಾಹಸ ಎಷ್ಟು ಸಣ್ಣದೆಂದೂ ಎಷ್ಟು ದೊಡ್ಡದೆಂದೂ ಒಟ್ಟಿಗೇ ತಿಳಿಯುತ್ತದೆ. ಹೂಮಾಲೆಗಳಿಂದ ಅಲಂಕರಿಸಿದ ಲಂಗ ಇನ್ನೂ ಅಗಲವಾಗಿಯೇ ಇದೆ, ಕುಪ್ಪಸ ಇನ್ನೂ ಬಿಗಿಯಾಗಿಯೇ ಇದೆ. ಆದರೆ ಅಂಚಿನ ಕೆಳಗೆ ಎರಡು ಪಾದಗಳು ಪೂರ್ತಿಯಾಗಿ ಕಾಣುತ್ತಿವೆ, ಮತ್ತು ಇಡೀ ಚಿತ್ರದ ಜೀವ ಅಲ್ಲೇ ಇದೆ. ಅವರ ಪ್ರತಿಸ್ಪರ್ಧಿಯೆನಿಸಿದ್ದ ಮರೀ ಸಾಲೆಯವರದು ಬೇರೊಂದು ಹಾದಿ. 1734ರಲ್ಲಿ ಲಂಡನ್ನಿನಲ್ಲಿ, ತಾನೇ ಕೆತ್ತಿದ ಪ್ರತಿಮೆಗೆ ಮನಸೋತ ಶಿಲ್ಪಿ ಪಿಗ್ಮೇಲಿಯನ್‌ನ ಕಥೆಯನ್ನು ಅಭಿನಯಿಸುವಾಗ ಅವರು ಲಂಗವನ್ನು ಉಬ್ಬಿಸುವ ಚೌಕಟ್ಟನ್ನೇ ಕಿತ್ತೆಸೆದು, ತೆಳುವಾದ ಮಸ್ಲಿನ್ ಉಡುಪಿನಲ್ಲಿ, ಕೂದಲನ್ನು ಇಳಿಬಿಟ್ಟು ರಂಗಕ್ಕೆ ಬಂದರು. ಒಬ್ಬರು ಕಾಲಿನ ಕೌಶಲಕ್ಕಾಗಿ ಅಂಚನ್ನು ಮೇಲೇರಿಸಿದರೆ ಮತ್ತೊಬ್ಬರು ಭಾವಕ್ಕಾಗಿ ಭಾರವನ್ನು ಇಳಿಸಿದರು. ಮುಂದೆ ಬಂದ ಎರಡು ಬಗೆಯ ಟುಟುಗಳ, ಎಂದರೆ ಮೋಟಾದದ್ದರ ಮತ್ತು ಉದ್ದನೆಯ ಹಗುರವಾದದ್ದರ, ಬೀಜಗಳು ಇಲ್ಲಿಯೇ ಬಿದ್ದವೆಂದು ನನ್ನ ನಂಬಿಕೆ.

ಫ್ರಾನ್ಸಿನ ಮಹಾಕ್ರಾಂತಿಯ ಕಾಲಕ್ಕೆ ಆಸ್ಥಾನದ ಆಡಂಬರವೆಲ್ಲ ಹಳತಾಗಿ, ಪ್ರಾಚೀನ ಗ್ರೀಕರನ್ನು ನೆನಪಿಸುವ ತೆಳು ಉಡುಪುಗಳು ಊರಿನಲ್ಲೂ ರಂಗದಲ್ಲೂ ಬಳಕೆಗೆ ಬಂದವು. ಮೈಬಣ್ಣದ ಬಿಗಿಯುಡುಪು ನರ್ತಕಿಯರ ಪಾಲಿಗೆ ಬಂದು ಕಾಲಿನ ಚಲನೆಗೆ ಮತ್ತಷ್ಟು ಸ್ವಾತಂತ್ರ್ಯ ಸಿಕ್ಕಿತು. ಟುಟು ಎಂದು ನಾವು ಗುರುತಿಸಬಹುದಾದ ಉಡುಪು ಹುಟ್ಟಲು ಇನ್ನು ಮೂರು ಸಂಗತಿಗಳು ಕೂಡಿಬರಬೇಕಾಗಿದ್ದವು: ಬಟ್ಟೆ, ಬೆಳಕು ಮತ್ತು ಒಬ್ಬ ನರ್ತಕಿ.

ಬಟ್ಟೆಯನ್ನು ಕೊಟ್ಟದ್ದು ಯಂತ್ರ. ಜಾಳಿಗೆಯಂಥ ನೆಟ್ ಬಟ್ಟೆಯನ್ನು ಕೈಯಿಂದ ಹೆಣೆಯುತ್ತಿದ್ದ ಕಾಲದಲ್ಲಿ ಅದು ಸಿರಿವಂತರ ತಲೆಮುಸುಕಿಗೂ ಅಂಚಿಗೂ ಮಾತ್ರ ಎಟಕುತ್ತಿತ್ತು. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಎಂಬವರು 1808–09ರಲ್ಲಿ ಪೇಟೆಂಟ್ ಪಡೆದ ಯಂತ್ರದಿಂದಾಗಿ ನೆಟ್ ಬಟ್ಟೆ ಗಜಗಟ್ಟಲೆ ನೇಯಲ್ಪಟ್ಟು ಅಗ್ಗವಾಯಿತು. ಬೆಳಕನ್ನು ಕೊಟ್ಟದ್ದು ಅನಿಲದೀಪ. ಪ್ಯಾರಿಸ್ ಒಪೆರಾದಲ್ಲಿ ಅದು ಮೊದಲು ಉರಿದದ್ದು 1822ರಲ್ಲಿ. ಮೇಣದ ಬತ್ತಿಗಳಂತಲ್ಲದೆ ಅನಿಲದ ಜ್ವಾಲೆಯನ್ನು ಏರಿಸಬಹುದಿತ್ತು, ಇಳಿಸಬಹುದಿತ್ತು. ರಂಗದ ಮೇಲೆ ಬೆಳದಿಂಗಳನ್ನು ತರಬಹುದಿತ್ತು. ಇನ್ನು ನರ್ತಕಿ ಮರೀ ಟಾಗ್ಲಿಯೋನಿ. ತಂದೆ ಫಿಲಿಪ್ಪೊ ಟಾಗ್ಲಿಯೋನಿಯವರ ಕಠಿಣ ತಾಲೀಮಿನಲ್ಲಿ ಪಳಗಿದ್ದ ಇವರು, 1832ರ ಮಾರ್ಚ್ 12ರಂದು ಪ್ಯಾರಿಸ್ ಒಪೆರಾದಲ್ಲಿ ತಂದೆಯೇ ಸಂಯೋಜಿಸಿದ ಲಾ ಸಿಲ್ಫೀಡ್ ಬ್ಯಾಲೆಯಲ್ಲಿ ಗಾಳಿಯ ಕನ್ಯೆಯಾಗಿ ಕಾಣಿಸಿಕೊಂಡರು. ಮೈಗೊಪ್ಪುವ ಕುಪ್ಪಸ, ತೆರೆದ ಭುಜಗಳು, ಮೀನಖಂಡದ ಮಧ್ಯದವರೆಗೆ ಗಂಟೆಯಾಕಾರದಲ್ಲಿ ಇಳಿಯುವ ಬಿಳಿಯ ಪದರ ಪದರದ ಲಂಗ, ಬೆನ್ನಿಗೆ ಪುಟ್ಟ ರೆಕ್ಕೆ. ಈ ವಿನ್ಯಾಸ ಯೂಜೀನ್ ಲಾಮಿಯವರದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಬೆರಳ ತುದಿಯ ಮೇಲೆ ನಿಲ್ಲುವುದು ಅದಕ್ಕೂ ಮೊದಲೇ ಇತ್ತಾದರೂ ಅದು ಕಸರತ್ತಿನಂತೆ ಕಾಣುತ್ತಿತ್ತು. ಟಾಗ್ಲಿಯೋನಿಯವರಲ್ಲಿ ಅದು ನೆಲ ಬಿಟ್ಟು ಮೇಲೇಳುವ ಜೀವಿಯ ಸಹಜ ನಿಲುವಾಯಿತು. ಮುಂಭಾಗದ ಬೆಳಕು ಬಿಳಿಯ ಪದರಗಳೊಳಗೆ ಹೊಕ್ಕು ಚದುರಿ, ದೇಹಕ್ಕೂ ಗಾಳಿಗೂ ನಡುವಿನ ಗೆರೆಯನ್ನು ಅಳಿಸಿತು. ಒಂಬತ್ತು ವರ್ಷಗಳ ಮೇಲೆ, 1841ರಲ್ಲಿ ಬಂದ ಜಿಸೆಲ್ ಬ್ಯಾಲೆಯ ಎರಡನೆಯ ಅಂಕದಲ್ಲಿ, ಮದುವೆಗೆ ಮುನ್ನವೇ ಸತ್ತ ಹುಡುಗಿಯರ ಆತ್ಮಗಳ ಗುಂಪೇ ಇಂಥ ಲಂಗಗಳಲ್ಲಿ ಮಂಜಿನಂತೆ ರಂಗವನ್ನು ತುಂಬಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಟುಟು ಬ್ಯಾಲೆಯಿಂದ ಫ್ಯಾಷನ್ನಿಗೆ ಹರಿದುಬಂದ ಉಡುಪೆಂದು ನಾವು ಭಾವಿಸುತ್ತೇವೆ. ಆದರೆ ಮೊದಲು ಸಾಲ ಪಡೆದದ್ದು ಬ್ಯಾಲೆಯೇ. 1830ರ ದಶಕದ ಯುರೋಪಿನ ಹೆಂಗಸರ ಸಂಜೆಯ ಉಡುಪನ್ನು ಗಮನಿಸಿ: ಬಿಗಿದ ನಡು, ತೆರೆದ ಭುಜ, ಹರಡಿದ ಲಂಗ, ನೀಟಾಗಿ ಬೈತಲೆ ತೆಗೆದು ಬಾಚಿದ ಕೂದಲು. ಟಾಗ್ಲಿಯೋನಿಯವರ ಉಡುಪು ಅದೇ ಆಕಾರ. ಬಣ್ಣವನ್ನೂ ಆಭರಣವನ್ನೂ ಭಾರವನ್ನೂ ತೆಗೆದು ಅಂಚನ್ನು ಮೇಲೇರಿಸಿದ್ದಷ್ಟೇ ಹೊಸದು. ಪ್ರೇಕ್ಷಕರ ಸಾಲಿನಲ್ಲಿ ಕುಳಿತ ಹೆಂಗಸು ರಂಗದ ಮೇಲೆ ತನ್ನದೇ ಉಡುಪು ತೂಕ ಕಳೆದುಕೊಂಡು ತೇಲುವುದನ್ನು ಕಂಡಳು. ಆ ಉಡುಪು ಅಷ್ಟು ಬೇಗ ಜನಮನದಲ್ಲಿ ನೆಲೆಸಲು ಇದೂ ಒಂದು ಕಾರಣವಿರಬೇಕು.

ಅದೇ ಬಟ್ಟೆ, ಅದೇ ಬೆಳಕು ಸೇರಿ ಕೊಲ್ಲಲೂ ಬಲ್ಲವಾಗಿದ್ದವು. ಹತ್ತಿಯ ತೆಳು ನೆಟ್ ಬಟ್ಟೆಯ ಪದರಗಳ ನಡುವೆ ಗಾಳಿ ತುಂಬಿರುತ್ತದೆ. ಕಿಡಿ ತಾಗಿದರೆ ಕ್ಷಣಮಾತ್ರದಲ್ಲಿ ಇಡೀ ಲಂಗ ಹೊತ್ತಿಕೊಳ್ಳುತ್ತದೆ. ರಂಗದ ಅಂಚಿನಲ್ಲೂ ಪಕ್ಕಗಳಲ್ಲೂ ತೆರೆದ ಜ್ವಾಲೆಗಳಿರುತ್ತಿದ್ದವು. 1844ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ಯುವ ನರ್ತಕಿಯ ಲಂಗಕ್ಕೆ ಪ್ರದರ್ಶನದ ನಡುವೆಯೇ ಬೆಂಕಿ ಹತ್ತಿ, ಅವರು ಕೆಲವು ದಿನಗಳಲ್ಲಿ ತೀರಿಕೊಂಡರು. 1861ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದ ರಂಗಮಂದಿರವೊಂದರ ಉಡುಪಿನ ಕೋಣೆಯಲ್ಲಿ ಒಬ್ಬಳ ಉಡುಪಿಗೆ ಹತ್ತಿದ ಬೆಂಕಿ ಅವಳನ್ನು ಉಳಿಸಲು ಧಾವಿಸಿದವರಿಗೂ ಹಬ್ಬಿ, ಗೇಲ್ ಸಹೋದರಿಯರೂ ಸೇರಿದಂತೆ ಹಲವು ನರ್ತಕಿಯರು ಪ್ರಾಣ ಕಳೆದುಕೊಂಡರು.

ಇವೆಲ್ಲಕ್ಕಿಂತ ನನ್ನನ್ನು ಕಾಡಿರುವುದು ಎಮ್ಮಾ ಲಿವ್ರಿಯವರ ಸಾವು. ಮರೀ ಟಾಗ್ಲಿಯೋನಿಯವರು ತಾವೇ ಬೆಳೆಸಿದ ಶಿಷ್ಯೆ ಇವರು. 1860ರಲ್ಲಿ ಆಕೆಗಾಗಿಯೇ ಟಾಗ್ಲಿಯೋನಿ ಸಂಯೋಜಿಸಿದ ಲ ಪಾಪಿಯೋಂ ಎಂಬ ಬ್ಯಾಲೆಯಲ್ಲಿ ಚಿಟ್ಟೆಯಾದ ನಾಯಕಿ ಪಂಜಿನ ಬೆಳಕಿಗೆ ಮರುಳಾಗಿ ರೆಕ್ಕೆ ಸುಟ್ಟುಕೊಳ್ಳುತ್ತಾಳೆ. ಬೆಂಕಿಯ ಅಪಾಯ ಆಗ ಗೊತ್ತಿಲ್ಲದ್ದೇನೂ ಆಗಿರಲಿಲ್ಲ. ಕಾರ್ತೆರೋಂ ಎಂಬವರು ಪಟಿಕ ಮೊದಲಾದ ಲವಣಗಳ ದ್ರಾವಣದಲ್ಲಿ ಬಟ್ಟೆಯನ್ನು ಅದ್ದಿ ಬೆಂಕಿ ಹತ್ತದಂತೆ ಮಾಡುವ ವಿಧಾನವನ್ನು ರೂಪಿಸಿದ್ದರು. ಅದನ್ನು ಬಳಸಬೇಕೆಂಬ ಸರ್ಕಾರಿ ಆದೇಶವೂ 1859ರಲ್ಲಿ ಹೊರಟಿತ್ತು. ಆದರೆ ಅದ್ದಿದ ಲಂಗ ಬಿರುಸಾಗಿ, ಮಾಸಲು ಬಣ್ಣಕ್ಕೆ ತಿರುಗಿ, ತೇಲುವ ಗುಣವನ್ನೇ ಕಳೆದುಕೊಳ್ಳುತ್ತಿತ್ತು. ಲಿವ್ರಿ ಒಪ್ಪಲಿಲ್ಲ. ತನ್ನ ಮಾಮೂಲಿ ಲಂಗದಲ್ಲೇ ಕುಣಿಯುವೆನೆಂದೂ ಏನಾದರೂ ಆದರೆ ಹೊಣೆ ತನ್ನದೇ ಎಂದೂ ಬರೆದುಕೊಟ್ಟರು. 1862ರ ನವೆಂಬರ್ 15ರಂದು ತಾಲೀಮಿನ ವೇಳೆ, ಲಂಗವನ್ನು ಸರಿಮಾಡಿಕೊಳ್ಳುವಾಗ ಎದ್ದ ಗಾಳಿಗೆ ಅನಿಲದೀಪದ ಜ್ವಾಲೆ ಅದಕ್ಕೆ ತಾಗಿತು. ಎಂಟು ತಿಂಗಳು ನರಳಿ 1863ರ ಜುಲೈ 26ರಂದು ಅವರು ತೀರಿಕೊಂಡಾಗ ವಯಸ್ಸು ಇಪ್ಪತ್ತು. ಅಂದು ತೊಟ್ಟಿದ್ದ ಉಡುಪಿನಲ್ಲಿ ಸುಡದೆ ಉಳಿದ ಚೂರುಗಳು ಪ್ಯಾರಿಸ್ ಒಪೆರಾದ ಗ್ರಂಥಾಲಯ–ಸಂಗ್ರಹಾಲಯದಲ್ಲಿವೆ.

ಈ ಪ್ರಸಂಗವನ್ನು ಹೇಳುವವರು ಹಲವರು ಅದನ್ನು ಸೌಂದರ್ಯಕ್ಕಾಗಿ ಮಾಡಿದ ಹುಚ್ಚುತನವೆಂಬಂತೆ ಹೇಳಿ ಮುಗಿಸುತ್ತಾರೆ. ನನಗದು ಸರಿಯೆನಿಸುವುದಿಲ್ಲ. ಬಿರುಸಾದ ಲಂಗ ಜಿಗಿತದ ಬಳಿಕ ದೇಹದೊಂದಿಗೆ ಕೆಳಗಿಳಿಯುವುದಿಲ್ಲ, ಸುತ್ತಿನಲ್ಲಿ ತೆರೆದುಕೊಳ್ಳುವುದಿಲ್ಲ. ಅದರ ನಡೆಯೇ ಬೇರೆ. ಲಿವ್ರಿಯವರಿಗೆ ಹೆಸರು ತಂದದ್ದೇ ಹಗುರವಾದ ಜಿಗಿತ. ತನ್ನ ಕೆಲಸದ ಉಪಕರಣವನ್ನು ಕೆಡಿಸಲು ಒಪ್ಪದ ಕಲಾವಿದೆಯ ನಿಲುವು ಅದು. ಜ್ವಾಲೆಗಳಿಗೆ ಬಲೆ ಹೊದಿಸುವುದು, ದೀಪಗಳನ್ನು ನರ್ತಕಿಯರ ದಾರಿಯಿಂದ ದೂರ ಸರಿಸುವುದು ರಂಗಮಂದಿರದವರ ಹೊಣೆಯಾಗಿತ್ತು. ಅದನ್ನು ಹರೆಯದ ಹುಡುಗಿಯ ಸಹಿಯೊಂದರ ಮೇಲೆ ಹೊರಿಸಿ ಕೈತೊಳೆದುಕೊಂಡದ್ದು ಅನ್ಯಾಯ. ವಿದ್ಯುದ್ದೀಪ ರಂಗಮಂದಿರಗಳಿಗೆ ಬಂದ ಮೇಲೆಯೇ ಈ ಭಯ ತಗ್ಗಿತು. ಲಂಡನ್ನಿನ ಸವಾಯ್ ರಂಗಮಂದಿರ 1881ರಲ್ಲಿ ವಿದ್ಯುತ್ ಬೆಳಕಿನಲ್ಲಿ ತೆರೆಯಿತು.

ಅದೇ 1881ರಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರಕಾರ ಎದ್ಗಾರ್ ದೆಗಾ ಮೇಣದಲ್ಲಿ ಮಾಡಿದ ಹದಿನಾಲ್ಕರ ನರ್ತಕಿಯ ಶಿಲ್ಪವನ್ನು ಪ್ರದರ್ಶನಕ್ಕಿಟ್ಟರು. ಅದಕ್ಕೆ ಅವರು ತೊಡಿಸಿದ್ದು ನಿಜವಾದ ಬಟ್ಟೆಯ ಲಂಗ. ವಿಮರ್ಶಕರಲ್ಲಿ ಹಲವರು ಸಿಡಿಮಿಡಿಗೊಂಡರು. ಶಿಲ್ಪವೆಂದರೆ ಕಲ್ಲು ಅಥವಾ ಕಂಚು ಎಂದು ತಿಳಿದಿದ್ದವರಿಗೆ ಜವಳಿಯ ಲಂಗ ತೊಟ್ಟ ಬಡ ಹುಡುಗಿಯನ್ನು ಕಲೆಯೆಂದು ಒಪ್ಪುವುದು ಕಷ್ಟವಾಗಿತ್ತು. ದೆಗಾ ತೀರಿಕೊಂಡ ಮೇಲೆ ಎರಕ ಹೊಯ್ದ ಕಂಚಿನ ಪ್ರತಿಗಳು ಇಂದು ಹಲವು ಸಂಗ್ರಹಾಲಯಗಳಲ್ಲಿವೆ. ಕಂಚು ಹಾಗೇ ಉಳಿದರೂ ಬಟ್ಟೆ ಜೀರ್ಣವಾಗುವುದರಿಂದ ಲಂಗವನ್ನು ಆಗಾಗ ಹೊಸದಾಗಿ ಹೊಲಿಸಬೇಕಾಗುತ್ತದೆ. ಅದರ ಉದ್ದ, ತುಂಬುತನ ಎಷ್ಟಿರಬೇಕೆಂಬ ವಿಷಯದಲ್ಲಿ ಒಂದು ಸಂಗ್ರಹಾಲಯದಂತೆ ಮತ್ತೊಂದಿಲ್ಲ.

ಲಂಗವನ್ನು ಮೊಣಕಾಲಿನಿಂದ ಮೇಲಕ್ಕೇರಿಸಿದ್ದು ಇಟಲಿಯ ತರಬೇತಿ. ಮಿಲಾನಿನಲ್ಲಿ ಕಲಿತ ನರ್ತಕಿಯರು ಗಟ್ಟಿ ತುದಿಯ ಪಾದರಕ್ಷೆ ತೊಟ್ಟು, ಅದುವರೆಗೆ ಯಾರೂ ಕಾಣದಷ್ಟು ಸುತ್ತುಗಳನ್ನು ಒಂದೇ ಕಾಲಿನ ಮೇಲೆ ಸುತ್ತಬಲ್ಲವರಾಗಿದ್ದರು. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದ ವಿರ್ಜೀನಿಯಾ ಜುಕ್ಕಿ, ಅಲ್ಲಿನ ಸಾಮ್ರಾಟರ ರಂಗಮಂದಿರ ಕೊಟ್ಟ ಉದ್ದನೆಯ ಲಂಗವನ್ನು ಒಪ್ಪದೆ ಮೋಟಾಗಿ ಕತ್ತರಿಸಿಕೊಂಡರೆಂದು ಪ್ರತೀತಿ. ಅವರ ಬಳಿಕ ಬಂದ ಪಿಯರೀನಾ ಲೆನ್ಯಾನಿ 1893ರಲ್ಲಿ ಸಿಂಡರೆಲ್ಲಾ ಬ್ಯಾಲೆಯಲ್ಲೂ 1895ರಲ್ಲಿ ಪೆಟಿಪಾ ಮತ್ತು ಇವಾನೊವ್ ಹೊಸದಾಗಿ ಸಂಯೋಜಿಸಿದ ಸ್ವಾನ್ ಲೇಕ್‌ನಲ್ಲೂ ಒಂದೇ ಸಮನೆ 32 ಫುಯೆತೆಗಳನ್ನು ಮಾಡಿ ತೋರಿಸಿದರು. ಫುಯೆತೆ ಎಂದರೆ ನಿಂತ ಕಾಲಿನ ಬೆರಳ ತುದಿಯ ಮೇಲೆ ಸುತ್ತುತ್ತಾ, ಎತ್ತಿದ ಕಾಲನ್ನು ಪ್ರತಿ ಸುತ್ತಿಗೂ ಹೊರಕ್ಕೆ ಬೀಸಿ ಮತ್ತೆ ಮೊಣಕಾಲಿಗೆ ಸೆಳೆದುಕೊಳ್ಳುವ ಚಲನೆ. ಉದ್ದನೆಯ ಮೆತ್ತನೆಯ ಲಂಗದಲ್ಲಿ ಇದನ್ನು ಮಾಡಿದರೆ ಬಟ್ಟೆ ಬೀಸುವ ಕಾಲಿಗೆ ಸುತ್ತಿಕೊಳ್ಳುತ್ತದೆ, ಪ್ರೇಕ್ಷಕರಿಗೆ ಮೊಣಕಾಲು ಕಾಣುವುದೇ ಇಲ್ಲ. ಲಂಗ ಮೋಟಾಗಬೇಕಿತ್ತು, ಬಿಗುವಾಗಬೇಕಿತ್ತು. ಆದರೂ ಆ ಕಾಲದ ಛಾಯಾಚಿತ್ರಗಳಲ್ಲಿ ಟುಟು ಇನ್ನೂ ಮೊಣಕಾಲಿನ ಹತ್ತಿರದವರೆಗೆ ಬಾಗಿ ಇಳಿದಿದೆ. ಇಂದು ನಾವು ಕಾಣುವ, ಸೊಂಟದ ಎತ್ತರದಲ್ಲಿ ನೇರವಾಗಿ ಚಾಚಿಕೊಂಡ ಟುಟು ಇಪ್ಪತ್ತನೆಯ ಶತಮಾನದ್ದು.

ಈ ಚಪ್ಪಟೆ ಟುಟುವಿನ ಹೊಲಿಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಷ್ಟು ಜಾಣತನದ ಉಡುಪುಗಳು ಕಡಿಮೆ. ಇದರಲ್ಲಿ ಸೊಂಟಪಟ್ಟಿಗೆ ಹಚ್ಚಿದ ಲಂಗವೆಂಬುದೇ ಇಲ್ಲ. ಮೊದಲು ಒಂದು ಚಡ್ಡಿಯನ್ನು ಹೊಲಿಯುತ್ತಾರೆ. ಅದರ ಮೇಲೆ ಕೆಳಗಿನಿಂದ, ಎಂದರೆ ತೊಡೆಯ ಅಂಚಿನಿಂದ ಮೊದಲುಮಾಡಿ ಮೇಲಕ್ಕೆ, ನೆರಿಗೆ ಹಿಡಿದ ನೆಟ್ ಬಟ್ಟೆಯ ಪಟ್ಟಿಗಳನ್ನು ಸಾಲಾಗಿ ಹಚ್ಚುತ್ತಾ ಹೋಗುತ್ತಾರೆ. ಕೆಳಗಿನ ಪಟ್ಟಿ ಬೆರಳೆರಡರಷ್ಟು ಗಿಡ್ಡ. ಮೇಲೇರಿದಂತೆ ಪಟ್ಟಿಗಳು ಉದ್ದವಾಗುತ್ತಾ ಹೋಗಿ, ತುದಿಯ ಪದರ ಎಲ್ಲಕ್ಕಿಂತ ಅಗಲವಾಗಿರುತ್ತದೆ. ಹತ್ತು ಹನ್ನೆರಡು ಪದರಗಳು ಸಾಮಾನ್ಯ. ಕೆಳಗಿನ ಗಿಡ್ಡ ಪದರಗಳೇ ಮೇಲಿನವುಗಳಿಗೆ ಊರುಗೋಲಾಗುತ್ತವೆ, ಅದಕ್ಕೇ ಅವಕ್ಕೆ ಬಿರುಸಾದ ನೆಟ್ ಬೇಕು. ನಡುವಿನ ಒಂದು ಪದರದಲ್ಲಿ ತೆಳುವಾದ ಉಕ್ಕಿನ ಬಳೆಯನ್ನು ತೂರಿಸುವುದುಂಟು. ಬಳಿಕ ಬರುತ್ತದೆ ನನಗೆ ಅತ್ಯಂತ ಪ್ರಿಯವಾದ ಕೆಲಸ: ಪದರಗಳನ್ನೆಲ್ಲ ಕೈಸೂಜಿಯಿಂದ, ಅಲ್ಲಲ್ಲಿ, ಎಳೆ ಬಿಗಿಯದಂತೆ ಸಡಿಲವಾದ ಕುಣಿಕೆಗಳಿಂದ ಒಂದಕ್ಕೊಂದು ಹಿಡಿಯುವುದು. ಕುಣಿಕೆ ತೀರ ಬಿಗಿಯಾದರೆ ಟುಟು ಹಲಗೆಯಾಗುತ್ತದೆ, ತೀರ ಸಡಿಲವಾದರೆ ಪದರಗಳು ತಮಗೆ ತೋಚಿದತ್ತ ಬಾಗುತ್ತವೆ. ನಾನೂ ಮನೆಯಲ್ಲಿ ಒಂದಿಷ್ಟು ಪದರಗಳನ್ನು ಹೀಗೆ ಹಿಡಿದು ನೋಡಿದ್ದೇನೆ; ಒಂದು ಬೆರಳಿನಿಂದ ಅಂಚನ್ನು ತಟ್ಟಿದರೆ ಆ ಕಂಪನ ಇಡೀ ಸುತ್ತಿಗೆ ಹರಿದು ಬಂದು ನಿಲ್ಲುವ ಹದ ಯಾವ ಕುಣಿಕೆಯಲ್ಲಿದೆ ಎಂಬುದು ಕೈಗಷ್ಟೇ ಗೊತ್ತಾಗುವ ಸಂಗತಿ.

ನೆಟ್ ಬಟ್ಟೆಯನ್ನು ಕತ್ತರಿಸಿದರೆ ಎಳೆ ಬಿಡುವುದಿಲ್ಲವಾದ್ದರಿಂದ ಅಂಚು ಮಡಿಚುವ ಅಗತ್ಯವಿಲ್ಲ. ಇಷ್ಟು ಪದರಗಳ ಅಂಚುಗಳನ್ನೆಲ್ಲ ಮಡಿಚಬೇಕಾಗಿದ್ದರೆ ಆ ಭಾರಕ್ಕೇ ಟುಟು ಕುಸಿಯುತ್ತಿತ್ತು. ಚಡ್ಡಿಯ ಮೇಲ್ಭಾಗದಲ್ಲಿ ಸೊಂಟದಿಂದ ಪೃಷ್ಠದವರೆಗೆ ಮೈಗಂಟಿ ಕೂರುವ ಪಟ್ಟಿಯಿರುತ್ತದೆ. ಕುಪ್ಪಸ ಹಲವು ತುಂಡುಗಳದ್ದು, ಉಸಿರಾಟಕ್ಕೂ ಬೆನ್ನಿನ ಬಾಗುವಿಕೆಗೂ ಎಡೆಕೊಡುವಂತೆ ಅಳೆದು ಕತ್ತರಿಸಿದ್ದು. ಸಹನರ್ತಕ ಕೈಯಿಟ್ಟು ಎತ್ತುವ ಕಡೆ ಹರಳು, ಮಣಿಗಳನ್ನು ಹಚ್ಚುವಂತಿಲ್ಲ. ಚಪ್ಪಟೆ ಟುಟು ತೊಟ್ಟವಳ ಪಾದಗಳು ಹಿಂದೆ ನಿಂತ ಆತನಿಗೆ ಕಾಣುವುದೇ ಇಲ್ಲ. ಅವಳ ಭಾರ ಯಾವ ಕಡೆಗೆ ವಾಲುತ್ತಿದೆ ಎಂಬುದನ್ನು ಅಂಗೈಗಳಿಂದಲೇ ತಿಳಿದುಕೊಳ್ಳಬೇಕು. ಒಂದು ಟುಟು ಹೊಲಿಯಲು ನುರಿತವರಿಗೂ ದಿನಗಟ್ಟಲೆ ಹಿಡಿಯುತ್ತದೆ. ಅದನ್ನು ಸಾಮಾನ್ಯ ಬಟ್ಟೆಯಂತೆ ಒಗೆಯಲಾಗದು. ಬೆವರಿನ ವಾಸನೆ ಹೋಗಲೆಂದು ವೋಡ್ಕಾ ಸಿಂಪಡಿಸುವ ರೂಢಿ ಬ್ಯಾಲೆ ತಂಡಗಳಲ್ಲಿದೆ. ಪದರಗಳು ಜೋತುಬೀಳದಿರಲೆಂದು ಟುಟುಗಳನ್ನು ತಲೆಕೆಳಗಾಗಿ ನೇತುಹಾಕುತ್ತಾರೆ, ಇಲ್ಲವೇ ಒಂದರ ಮೇಲೊಂದು ಮಲಗಿಸುತ್ತಾರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯದ ನೃತ್ಯ ಸಂಯೋಜಕ ಮಿಖಾಯಿಲ್ ಫೋಕಿನ್ ಈ ಏಕರೂಪದ ಟುಟುವನ್ನು ಪ್ರಶ್ನಿಸಿದರು. ಈಜಿಪ್ಟಿನ ರಾಣಿಗೂ ಹಳ್ಳಿಯ ಹುಡುಗಿಗೂ ಒಂದೇ ಲಂಗವೇ ಎಂಬ ಅವರ ಆಕ್ಷೇಪ ನ್ಯಾಯವಾದದ್ದು. ಕಥೆಗೆ ತಕ್ಕ ಉಡುಪು ಬೇಕೆಂದ ಅವರೇ ಶೋಪೆನ್ ಸಂಗೀತಕ್ಕೆ ಸಂಯೋಜಿಸಿದ ಬ್ಯಾಲೆಯಲ್ಲಿ ಟಾಗ್ಲಿಯೋನಿಯವರ ಕಾಲದ ಉದ್ದನೆಯ ಬಿಳಿ ಲಂಗವನ್ನು ಮರಳಿ ತಂದರು. ನರ್ತಕಿ ಆನಾ ಪಾವ್ಲೊವಾ ಅವರಿಗಾಗಿ ಅವರು ರಚಿಸಿದ ಸಾಯುವ ಹಂಸದ ಕಿರುನೃತ್ಯದಲ್ಲಿ ಮಾತ್ರ ಮೋಟು ಟುಟುವಿನ ಇಕ್ಕೆಲಗಳಲ್ಲಿ ಗರಿಗಳು ಮೈಗೆ ಮಡಿಚಿಕೊಂಡ ರೆಕ್ಕೆಗಳಾದವು.

ಟುಟುವಿನ ರಚನೆಯನ್ನೇ ಮತ್ತೆ ಬದಲಿಸಿದವರು ಬಾರ್ಬರಾ ಕರಿನ್ಸ್ಕಾ. 1886ರಲ್ಲಿ ಖಾರ್ಕಿವ್‌ನಲ್ಲಿ ಹುಟ್ಟಿ, ಕಸೂತಿಯಲ್ಲಿ ಪಳಗಿ, ಪ್ಯಾರಿಸ್, ಲಂಡನ್ ದಾಟಿ ನ್ಯೂಯಾರ್ಕಿನಲ್ಲಿ ನೆಲೆನಿಂತ ಇವರು ಜೋನ್ ಆಫ್ ಆರ್ಕ್ ಚಿತ್ರದ ಉಡುಪುಗಳಿಗಾಗಿ ಡೊರೊತಿ ಜೀಕಿನ್ಸ್ ಅವರೊಂದಿಗೆ ಆಸ್ಕರ್ ಪ್ರಶಸ್ತಿಯನ್ನೂ ಪಡೆದವರು. ನೃತ್ಯ ಸಂಯೋಜಕ ಜಾರ್ಜ್ ಬಾಲಂಚೀನ್ ಅವರ ಸಿಂಫನಿ ಇನ್ ಸಿ ಬ್ಯಾಲೆಯ ಕೊನೆಯಲ್ಲಿ ಐವತ್ತರ ಆಸುಪಾಸಿನ ನರ್ತಕರು ಒಟ್ಟಿಗೆ ರಂಗದ ಮೇಲಿರುತ್ತಾರೆ. ಬಳೆ ತೂರಿಸಿದ ಟುಟುಗಳು ಇಂಥ ಇಕ್ಕಟ್ಟಿನಲ್ಲಿ ಒಂದಕ್ಕೊಂದು ತಾಗಿ ಏರಿಳಿದು ಒದ್ದಾಡುತ್ತವೆ. 1950ರಲ್ಲಿ ಕರಿನ್ಸ್ಕಾ ಬಳೆಯನ್ನೇ ತೆಗೆದುಹಾಕಿ, ಪದರಗಳನ್ನು ಆರೇಳಕ್ಕೆ ಇಳಿಸಿ, ಒಂದೊಂದು ಪದರವನ್ನೂ ಕೆಳಗಿನದಕ್ಕಿಂತ ಅರ್ಧ ಅಂಗುಲದಷ್ಟು ಉದ್ದವಾಗಿ ಕತ್ತರಿಸಿ, ಬಲು ಸಡಿಲವಾದ ಕುಣಿಕೆಗಳಿಂದ ಹಿಡಿದರು. ಪೌಡರಿನ ಪಫ್‌ನ ಹೆಸರಿನಿಂದಲೇ ಕರೆಯಲಾಗುವ ಈ ಟುಟು ತನ್ನ ಬಲದಿಂದಲೇ ಮೃದುವಾಗಿ ನಿಲ್ಲುತ್ತದೆ, ತಾಗಿದರೆ ಬಾಗುತ್ತದೆ, ಮತ್ತೆ ಅರಳುತ್ತದೆ. ಬೇರೆ ಬೇರೆ ಛಾಯೆಯ ನೆಟ್ ಪದರಗಳನ್ನು ಒಂದರಡಿ ಒಂದಿಟ್ಟು, ಲಂಗ ಅಲುಗಿದಾಗಷ್ಟೇ ಒಳಗಿನ ಬಣ್ಣ ಮಿನುಗುವಂತೆ ಮಾಡುವುದು ಅವರ ಕೈಚಳಕ. ಟುಟುವಿನ ಚರಿತ್ರೆಯಲ್ಲಿ ನರ್ತಕಿಯಲ್ಲದವರೊಬ್ಬರಿಗೆ ಮೊದಲ ಮಣೆ ಹಾಕಬೇಕೆಂದರೆ ನಾನು ಕರಿನ್ಸ್ಕಾ ಅವರಿಗೇ ಹಾಕುತ್ತೇನೆ.

ಇನ್ನು ಬೀದಿಯ ಮಾತು. 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ವಸ್ತ್ರ ವಿನ್ಯಾಸಕ ಕ್ರಿಸ್ತಿಯನ್ ದಿಯೊರ್ ತಮ್ಮ ಮೊದಲ ಸಂಗ್ರಹವನ್ನು ತೋರಿಸಿದಾಗ, ಯುದ್ಧಕಾಲದ ಬಟ್ಟೆಯ ಪಡಿತರದಿಂದ ಬಳಲಿದ್ದ ಹೆಂಗಸರಿಗೆ ಬಿಗಿದ ನಡುವೂ ಹರಡಿದ ಲಂಗವೂ ಮತ್ತೆ ಸಿಕ್ಕವು. ಅವರ 1949ರ ವೀನಸ್ ಎಂಬ ಬೂದುಬಣ್ಣದ ಗೌನಿನಲ್ಲಿ ನೆಟ್ ಬಟ್ಟೆಯ ಮೇಲೆ ಚಿಪ್ಪಿನಾಕಾರದ ಎಸಳುಗಳು ಪದರ ಪದರವಾಗಿ ಇಳಿಯುತ್ತವೆ. ರಂಗದ ಉದ್ದನೆಯ ಟುಟುವಿಗೆ ಅದು ತೀರ ಹತ್ತಿರದ ನಂಟು. ನೈಲಾನ್ ಬಂದ ಮೇಲೆ ಐವತ್ತರ ದಶಕದ ಹುಡುಗಿಯರು ಬಿರುಸಾದ ನೆಟ್ ಒಳಲಂಗಗಳನ್ನು ಕೈಗೆಟಕುವ ಬೆಲೆಗೆ ಕೊಂಡು ತೊಟ್ಟರು. ಟುಟುವಿನ ಪದರಗಳು ಹೀಗೆ ಮೊದಲು ಒಳಗಿದ್ದುಕೊಂಡೇ ಜನಸಾಮಾನ್ಯರ ಉಡುಪನ್ನು ಸೇರಿದವು. ಅವನ್ನು ಹೊರಗೆಳೆದು ತೋರಿಸಿದ್ದು ಎಂಬತ್ತರ ದಶಕ. ಇಂಗ್ಲೆಂಡಿನ ವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ 1985ರಲ್ಲಿ ಪೆತ್ರುಷ್ಕಾ ಬ್ಯಾಲೆಯ ಉಡುಪಿನಿಂದ ಪ್ರೇರಣೆ ಪಡೆದು, ಹತ್ತೊಂಬತ್ತನೆಯ ಶತಮಾನದ ಬಳೆಲಂಗವನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಗಾಯಕಿ ಮಡೋನಾ ನೆಟ್ ಲಂಗವನ್ನು ಬಿಗಿಯಾದ ಒಳಕುಪ್ಪಸದೊಂದಿಗೆ ತೊಟ್ಟಾಗ, ಸೌಮ್ಯತೆಯ ಗುರುತಾಗಿದ್ದ ಬಟ್ಟೆ ದಿಟ್ಟತನದ ಗುರುತಾಯಿತು.

1998ರಲ್ಲಿ ಮೊದಲುಗೊಂಡ ಸೆಕ್ಸ್ ಅಂಡ್ ದಿ ಸಿಟಿ ಧಾರಾವಾಹಿಯ ಶೀರ್ಷಿಕೆಯ ದೃಶ್ಯದಲ್ಲಿ ನಾಯಕಿ ತೊಟ್ಟ ಬಿಳಿಯ ಲಂಗವನ್ನು ವಸ್ತ್ರ ವಿನ್ಯಾಸಕಿ ಪೆಟ್ರೀಶಿಯಾ ಫೀಲ್ಡ್ ಅಗ್ಗದ ಬಟ್ಟೆಗಳ ಬುಟ್ಟಿಯೊಂದರಲ್ಲಿ ಐದು ಡಾಲರಿಗೆ ಹೆಕ್ಕಿದ್ದರು. ಮೇಲಂಗಿಯಾಗಿ ಅದಕ್ಕೆ ಜೊತೆಯಾದದ್ದು ಸರಳವಾದ ಬನಿಯನ್ನು. ನನಗೆ ಈ ಜೋಡಿಯೇ ಮುಖ್ಯವೆನಿಸುತ್ತದೆ: ಟುಟುವನ್ನು ದಿನನಿತ್ಯ ಉಡಬೇಕಾದರೆ ಅದರ ಮೇಲಿನ ಉಡುಪು ಎಷ್ಟು ಸಾದಾ ಇದ್ದರೆ ಅಷ್ಟು ಒಳ್ಳೆಯದೆಂಬ ಪಾಠ ಅಲ್ಲಿಂದ ಹಬ್ಬಿತು. ಬಳಿಕ ಲಂಡನ್ನಿನ ವಿನ್ಯಾಸಕಿ ಮಾಲಿ ಗೊಡ್ಡಾರ್ಡ್ ನೆಟ್ ಬಟ್ಟೆಯನ್ನು ಕೈಯಿಂದ ನೆರಿಗೆ ಹಿಡಿದು ಮಾಡಿದ ದೊಡ್ಡ ದೊಡ್ಡ ಅಂಗಿಗಳನ್ನು ಪ್ಯಾಂಟಿನ ಮೇಲೂ ಚಪ್ಪಟೆ ಪಾದರಕ್ಷೆಯ ಜೊತೆಗೂ ತೊಡಿಸಿದರು. ವಿಕ್ಟರ್ ಅಂಡ್ ರಾಲ್ಫ್ ಎಂಬ ವಿನ್ಯಾಸಕ ಜೋಡಿ ತಮ್ಮ 2010ರ ಬೇಸಿಗೆಯ ಸಂಗ್ರಹದಲ್ಲಿ ನೆಟ್ ಪದರಗಳ ಗೌನುಗಳನ್ನು ಗರಗಸದಿಂದ ಕೊಯ್ದಂತೆ ಅಡ್ಡಡ್ಡ ಕತ್ತರಿಸಿ, ನಡುವೆ ದುಂಡನೆಯ ತೂತುಗಳನ್ನೂ ಕೊರೆದು, ಈ ಹಗುರ ಬಟ್ಟೆ ಎಷ್ಟು ಗಟ್ಟಿಯಾಗಿ ನಿಲ್ಲಬಲ್ಲುದೆಂದು ತೋರಿಸಿದರು.

ಇಂದು ಅಂಗಡಿಗಳಲ್ಲಿ ಸಿಗುವ ನೆಟ್ ಲಂಗಗಳು ಎಲಾಸ್ಟಿಕ್ಕಿಗೆ ಹಚ್ಚಿದ ಎರಡು ಮೂರು ಪದರಗಳಷ್ಟೇ. ಚಡ್ಡಿಯೂ ಇಲ್ಲ, ಪದರ ಹಿಡಿಯುವ ಕುಣಿಕೆಯೂ ಇಲ್ಲ. ಉಡುವುದಕ್ಕೆ ಅದರಲ್ಲೇನೂ ತೊಂದರೆಯಿಲ್ಲ. ಚರ್ಮ ಗೀರದಿರಲೆಂದು ಒಳಗೊಂದು ಹತ್ತಿಯ ಅಸ್ತರಿ ಇದೆಯೇ, ಕೂತೆದ್ದಾಗ ಪದರಗಳು ಮತ್ತೆ ಅರಳುತ್ತವೆಯೇ ಎಂದು ಕೈಯಲ್ಲಿ ಹಿಚುಕಿ ನೋಡಿ ಕೊಳ್ಳಬೇಕು. ಮಕ್ಕಳಿಗೆ ಕೊಳ್ಳುವಾಗ ಮಾತ್ರ ಲಿವ್ರಿಯವರನ್ನು ಮರೆಯಬಾರದು. ನೈಲಾನ್, ಪಾಲಿಯೆಸ್ಟರ್ ನೆಟ್ಟೂ ಬೆಂಕಿಗೆ ಸಿಕ್ಕರೆ ಉರಿಯುತ್ತದೆ, ಕರಗಿ ಮೈಗಂಟುತ್ತದೆ. ಹುಟ್ಟುಹಬ್ಬದ ಮೇಣದ ಬತ್ತಿಯ ಹತ್ತಿರ ಇಂಥ ಲಂಗ ತೊಟ್ಟ ಮಗುವನ್ನು ಒಂಟಿಯಾಗಿ ಬಿಡಲೇಬಾರದು.

ಟುಟು ಹೆಂಗಸರದೇ ಎಂಬ ಕಟ್ಟುಪಾಡೂ ಸಡಿಲಗೊಂಡಿದೆ. 1974ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಟ್ರೊಕಡೆರೊ ಬ್ಯಾಲೆ ತಂಡದ ಗಂಡಸರು ಟುಟು ತೊಟ್ಟು ಬೆರಳ ತುದಿಯ ಮೇಲೆ ನಿಂತು ನಗಿಸುತ್ತಾರೆ ನಿಜ, ಆದರೆ ಆ ನಗುವಿನ ಹಿಂದಿರುವ ತಾಂತ್ರಿಕ ಸಿದ್ಧತೆ ಅಪ್ಪಟವಾದದ್ದು. ನೃತ್ಯ ಸಂಯೋಜಕ ವಿಲಿಯಂ ಫೋರ್ಸೈತ್ ಅವರ 1996ರ ಬ್ಯಾಲೆಯೊಂದಕ್ಕೆ ಸ್ಟೀಫನ್ ಗ್ಯಾಲೊವೇ ರೂಪಿಸಿದ ಟುಟುವಿನಲ್ಲಿ ಪದರಗಳೇ ಇಲ್ಲ. ಸೊಂಟದ ಸುತ್ತ ಎಳೆಹಸಿರು ಬಣ್ಣದ ಒಂದು ಚಪ್ಪಟೆ ಬಿಲ್ಲೆ ಮಾತ್ರ. ಕಾಲು ಇಡಿಯಾಗಿ ಕಾಣುತ್ತದೆ, ಮತ್ತು ನೋಡಿದೊಡನೆ ಅದು ಟುಟು ಎಂದು ಯಾರಿಗಾದರೂ ತಿಳಿಯುತ್ತದೆ.

ಬ್ಯಾಲೆಗೂ ಆಟದ ಅಂಗಳಕ್ಕೂ ನಡೆದ ಕೊಡುಕೊಳ್ಳುವಿಕೆಯನ್ನು ಹೇಳದೆ ಈ ಬರಹವನ್ನು ನಿಲ್ಲಿಸಲಾರೆ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡ ಲ ಟ್ರೈನ್ ಬ್ಲ್ಯೂ ಬ್ಯಾಲೆಗೆ ವಸ್ತ್ರ ವಿನ್ಯಾಸಕಿ ಕೊಕೊ ಶನೆಲ್ ಟುಟು ಬಿಟ್ಟು ಹೆಣೆದ ಬಟ್ಟೆಯ ಆಟದುಡುಪುಗಳನ್ನು ಕೊಟ್ಟರು. ಅದರಲ್ಲಿ ಬ್ರೊನಿಸ್ಲಾವಾ ನಿಜಿನ್ಸ್ಕಾ ಅಭಿನಯಿಸಿದ ಟೆನಿಸ್ ಆಟಗಾರ್ತಿಯ ಪಾತ್ರಕ್ಕೆ ಅಂದಿನ ತಾರೆ ಸುಜಾನ್ ಲಾಂಗ್ಲೆನ್ ಮಾದರಿಯಾಗಿದ್ದರು. 2018ರಲ್ಲಿ ಈ ಕೊಡುಕೊಳ್ಳುವಿಕೆ ತಿರುಗುಮುರುಗಾಯಿತು: ಟುಟುವೇ ಟೆನಿಸ್ ಅಂಗಳಕ್ಕೆ ಬಂತು. ಸೆರೆನಾ ವಿಲಿಯಮ್ಸ್ ಆ ವರ್ಷದ ಫ್ರೆಂಚ್ ಓಪನ್‌ನಲ್ಲಿ ಮೈಗಂಟುವ ಕಪ್ಪು ಇಡಿಯುಡುಪು ತೊಟ್ಟು ಆಡಿದ್ದರು. ಹೆರಿಗೆಯ ಬಳಿಕ ರಕ್ತ ಹೆಪ್ಪುಗಟ್ಟಿ ಪ್ರಾಣಾಪಾಯ ಎದುರಿಸಿದ್ದ ಅವರಿಗೆ ರಕ್ತಸಂಚಾರದ ದೃಷ್ಟಿಯಿಂದ ಅದು ಬೇಕಾಗಿತ್ತು. ಅಂಥ ಉಡುಪನ್ನು ಇನ್ನು ಮುಂದೆ ಒಪ್ಪುವುದಿಲ್ಲವೆಂದು ಫ್ರಾನ್ಸಿನ ಟೆನಿಸ್ ಒಕ್ಕೂಟದ ಅಧ್ಯಕ್ಷರು ಆಗಸ್ಟಿನಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ಯು.ಎಸ್. ಓಪನ್‌ಗೆ ಬಂದ ಸೆರೆನಾ, ನೈಕಿ ಸಂಸ್ಥೆಗಾಗಿ ವರ್ಜಿಲ್ ಆಬ್ಲೊ ರೂಪಿಸಿದ, ಒಂದೇ ತೋಳಿನ ಕುಪ್ಪಸಕ್ಕೆ ನೆಟ್ ಬಟ್ಟೆಯ ಟುಟು ಹೊಂದಿಸಿದ ಉಡುಪಿನಲ್ಲಿ ಅಂಗಳಕ್ಕಿಳಿದರು. ಕಾಲುಗಳಿಗೆ ರಕ್ತಸಂಚಾರಕ್ಕೆ ನೆರವಾಗುವ ಬಿಗಿಯುಡುಪು ಇದ್ದೇ ಇತ್ತು. ಅಂಗಳದ ಆ ಮೂಲೆಯಿಂದ ಈ ಮೂಲೆಗೆ ಓಡುವಾಗಲೂ ಚೆಂಡಿಗೆ ಬಾಗುವಾಗಲೂ ಆ ಲಂಗ ಅವರ ಕಾಲಿಗೆ ಅಡ್ಡ ಬರಲಿಲ್ಲ. ಅವರು ಫೈನಲ್ ತಲುಪಿದರು.